ಕಂಬದ ಬುಡದಲ್ಲಿ, ಎಡಕ್ಕೆ

ಇದನ್ನು ಹೇಳಲು ಹೊರಡುವ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಕಣ್ಣಿನ ಶಾಸ್ತ್ರ ಬಲ್ಲವರು, ಯಂತ್ರಕ್ಕೆ ಬುದ್ಧಿ ಕಲಿಸುವ ವಿದ್ಯೆ ಬಲ್ಲವರು ಹೇಳಬೇಕಾದ ಸಂಗತಿ ಇದು. ಅವರು ಹೇಳಲಿಲ್ಲ. ಹೇಳಿದ್ದರೂ ನಾಲ್ಕು ಕೋಷ್ಟಕಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತೇನೋ. ಕೇಳಿದ್ದನ್ನು ಕೇಳಿದ ಹಾಗೆ, ಅರ್ಥವಾದಷ್ಟನ್ನು ಮಾತ್ರ ಇಲ್ಲಿ ಇಡಲಾಗಿದೆ. ವಿಜ್ಞಾನದಲ್ಲಿ ತಪ್ಪಿದ್ದರೆ ಅದು ಹೇಳುವವರ ತಿಳಿವಳಿಕೆಯ ತಪ್ಪು, ಕಸ್ತೂರಿಯದಲ್ಲ. ಅವಳ ಪಾಲಿನ ತಪ್ಪು ಬೇರೆಯೇ ಇದೆ, ಅದೇ ಅವಳಿಗೆ ಸಾಕಷ್ಟು ಭಾರವಾಗಿದೆ.

ಕಸ್ತೂರಿ ಮುಳಗುಂದ ಧಾರವಾಡದ ಹತ್ತಿರದ ಒಂದು ಹೊಸ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ಸಹಾಯಕಿ. ಹಗಲು ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿಗೆ ಹೋಗಿ, ಮೂರು ವರ್ಷದ ಬಿ.ಎಸ್ಸಿ.ಯನ್ನು ಆರು ವರ್ಷಕ್ಕೆ ಮುಗಿಸಿದವಳು. ಹಾಗಾಗಿಯೋ ಏನೋ, ತನಗೆ ತಿಳಿದದ್ದರ ಮೇಲೆ ಅವಳಿಗೆ ಎಂದೂ ಪೂರ್ತಿ ನಂಬಿಕೆ ಇರಲಿಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವಳು. ಗ್ಯಾಸ್ ಬಂದ್ ಮಾಡಿ ಬಸ್ ನಿಲ್ದಾಣದವರೆಗೆ ಹೋದವಳು ತಿರುಗಿ ಬಂದು ಒಲೆಯ ಗುಂಡಿ ಮುಟ್ಟಿ ಹೋಗುವಳು. ಪ್ರಯೋಗಾಲಯದ ಮುಖ್ಯಸ್ಥೆ ಡಾ. ಇಂದುಮತಿ ಸವಣೂರ ಅವಳನ್ನು ಆರಿಸಿಕೊಂಡದ್ದೂ ಈ ಗುಣಕ್ಕಾಗಿಯೇ.

"ಸಂಶಯ ಇದ್ದವ್ರ ಕೈಯಾಗ ಯಂತ್ರ ಛಲೋ ಇರ್ತದ," ಎಂದಿದ್ದರು ಮೇಡಮ್.

ಅಲ್ಲಿ ನಡೆಯುತ್ತಿದ್ದ ಸಂಶೋಧನೆ ಹೊರಗಿನಿಂದ ನೋಡಿದರೆ ಸರಳವಾಗಿತ್ತು. ಅನುಭವಿ ಲೈನ್‌ಮನ್ ಕಂಬ ಹತ್ತಿದಾಗ ಅವನ ಕಣ್ಣು ಮೊದಲು ಎಲ್ಲಿ ಹೋಗುತ್ತದೆ, ಆಮೇಲೆ ಎಲ್ಲಿ ಹೋಗುತ್ತದೆ ಎಂಬುದರಲ್ಲೇ ಅವನ ಜೀವ ಇದೆ. ಆ ನೋಟವನ್ನು ಹೊಸಬರಿಗೆ ಬಾಯಿಮಾತಿನಲ್ಲಿ ಕಲಿಸಲು ಬರುವುದಿಲ್ಲ. ಅದಕ್ಕೆ ತಲೆಗೆ ಕಟ್ಟಿಕೊಳ್ಳುವ ಒಂದು ಸಾಧನ ಮಾಡಿದ್ದರು. ಅದನ್ನು ಕಟ್ಟಿಕೊಂಡರೆ ಎದುರಿಗೆ ಒಂದು ಹಳ್ಳಿಯ ಬೀದಿ, ಜೋಡಿ ಕಂಬ, ಟ್ರಾನ್ಸ್‌ಫಾರ್ಮರ್, ಬೇವಿನ ಗಿಡ. ಯಾವುದೂ ನಿಜವಲ್ಲ, ಎಲ್ಲವೂ ನಿಜದಂತೆಯೇ. ಒಳಗಿದ್ದ ಬುದ್ಧಿವಂತ ವ್ಯವಸ್ಥೆಗೆ 'ಜೊತೆಗಾರ' ಎಂದು ಹೆಸರಿಟ್ಟಿದ್ದರು. ಕಣ್ಣು ಎಲ್ಲಿ ಹೋಗಬೇಕೋ ಅಲ್ಲಿ ಜೊತೆಗಾರ ನೋಟದ ಅಂಚಿನಲ್ಲಿ ಕ್ಷಣದ ನೂರನೇ ಒಂದು ಪಾಲು ಹೊತ್ತು ಒಂದು ಮಿಣುಕು ಬೆಳಕು ತೋರಿಸುತ್ತಿತ್ತು. ಕಟ್ಟಿಕೊಂಡವರಿಗೆ ಅದು ಕಂಡದ್ದೇ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಮಾತ್ರ ತಿಳಿಯುತ್ತಿತ್ತು. ಹತ್ತು ಸಲ ಕೂತೆದ್ದರೆ, ಸಾಧನ ಬಿಚ್ಚಿಟ್ಟ ಮೇಲೂ ಕಣ್ಣು ತಾನಾಗಿ ಅದೇ ಜಾಡು ಹಿಡಿಯುತ್ತಿತ್ತು.

ವಿದ್ಯುತ್ ಕಂಪನಿಯಿಂದ ಲೈನ್‌ಮನ್‌ಗಳು ತಂಡ ತಂಡವಾಗಿ ಬಂದರು. ಹಣೆಯ ಮೇಲೆ ಕಟ್ಟುವ ಆ ಸಾಧನಕ್ಕೆ ಮೊದಲ ದಿನವೇ 'ಬಾಸಿಂಗ' ಎಂದು ಹೆಸರಿಟ್ಟರು.

"ಕಟ್ಟ್ರಿ ಅಕ್ಕಾರ ಬಾಸಿಂಗಾ, ಎರಡನೇ ಮದವಿಗೆ ತಯಾರಾಗೇನಿ," ಎಂದು ಬಸಲಿಂಗಪ್ಪ ಎಂಬವನು ಕುರ್ಚಿಯ ಮೇಲೆ ಮದುಮಗನಂತೆ ಕಾಲು ಮಡಚಿ ಕೂತಿದ್ದ.

"ಮೊದಲನೇದಾಕಿ ಕೈಯಾಗ ತಿಂದದ್ದು ಸಾಲಲಿಲ್ಲೇನಲೇ?" ಎಂದಿದ್ದ ಹಿಂದಿನ ಸಾಲಿನವನು.

ಹುಬ್ಬಳ್ಳಿ ರಸ್ತೆಯ ಬಿಸಿಲಿನಿಂದ ಬಂದ ಆ ಗಂಡಸರ ನಗೆಗೆ ತಣ್ಣನೆಯ ಕೋಣೆ ಬೆಚ್ಚಗಾಗುತ್ತಿತ್ತು. ಕಸ್ತೂರಿ ಪಟ್ಟಿ ಬಿಗಿಯುತ್ತ ತಾನೂ ನಕ್ಕಿದ್ದಳು. ಮೂರನೆಯ ತಂಡದಲ್ಲಿ ಅವಳ ಗಂಡ ಫಕ್ಕೀರಪ್ಪನೂ ಇದ್ದ. ಅವನಿಗೆ ಕಟ್ಟುವಾಗ ಉಳಿದವರು ಸೋಬಾನೆ ಪದ ಹೇಳಿ ಇಬ್ಬರನ್ನೂ ನಾಚಿಸಿದ್ದರು.

ತಪ್ಪು ನಡೆದದ್ದು ಇದೆಲ್ಲಕ್ಕಿಂತ ಮೊದಲು, ಬೆಳಗಿನ ಎಂಟು ಗಂಟೆಯ ಹೊತ್ತಿನಲ್ಲಿ.

ದಿನವೂ ಕೆಲಸ ಶುರುವಾಗುವ ಮೊದಲು ಒಬ್ಬರು ಬಾಸಿಂಗ ಕಟ್ಟಿಕೊಂಡು ಹತ್ತು ನಿಮಿಷ ಆ ಬೀದಿಯಲ್ಲಿ ಸುಮ್ಮನೆ ನಿಂತು ಸುತ್ತ ನೋಡಬೇಕಿತ್ತು. ಏನೂ ಕೆಲಸವಿಲ್ಲದ ಮನುಷ್ಯ ಸಹಜವಾಗಿ ಹೇಗೆ ನೋಡುತ್ತಾನೆ ಎಂಬುದನ್ನು ಜೊತೆಗಾರ ಅದರಿಂದ ತಿಳಿದುಕೊಳ್ಳುತ್ತಿತ್ತು. ಆ ಸಹಜ ನೋಟದ ತಳಪಾಯದ ಮೇಲೆ ಲೈನ್‌ಮನ್‌ನ ನೋಟವನ್ನು ಕಟ್ಟುತ್ತಿತ್ತು. ಒಬ್ಬರದೇ ಚಟ ಅದಕ್ಕೆ ಅಂಟಬಾರದೆಂದು ಐದು ಜನರ ಪಾಳಿ ಹಾಕಿದ್ದರು: ಕಸ್ತೂರಿ, ಮತ್ತೆ ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳು. ಗುರುತು ಸಿಗಬಾರದೆಂಬ ನಿಯಮವಿದ್ದುದರಿಂದ ಯಂತ್ರ ಕಣ್ಣಿನ ಚಿತ್ರ ಇಟ್ಟುಕೊಳ್ಳುತ್ತಿರಲಿಲ್ಲ. ಹೆಸರು ಒತ್ತಿದವರೇ ಕೂತವರು ಎಂದು ನಂಬುತ್ತಿತ್ತು.

ವಿದ್ಯಾರ್ಥಿಗಳಿಗೆ ಹಾಸ್ಟೆಲ್ಲಿನಿಂದ ಎದ್ದು ಬರುವುದರಲ್ಲಿ ಹತ್ತಾಗುತ್ತಿತ್ತು. ಮೊದಲು ಫೋನ್ ಮಾಡಿದವನು ತೌಸೀಫ್.

"ಅಕ್ಕಾರ, ಇದೊಂದಿನ ನನ್ನ ಹೆಸರು ಒತ್ತಿ ನೀವ ಕೂತುಬಿಡ್ರೆಲಾ. ಹತ್ತು ನಿಮಿಷದ ಮಾತು."

ಅದೊಂದು ದಿನ ವಾರವಾಯಿತು, ಒಬ್ಬನ ಹೆಸರು ನಾಲ್ವರದಾಯಿತು. ಕಾಲೇಜಿನಲ್ಲಿ ಗೆಳತಿಯರಿಗೆ ಹಾಜರಿ ಕೂಗುವಷ್ಟೇ ಹಗುರವಾದ ಕೆಲಸ ಎಂದುಕೊಂಡಳು ಅವಳು. ಬೀಗವನ್ನು ಮೂರು ಸಲ ಜಗ್ಗುವ ಹೆಂಗಸು ಇದೊಂದನ್ನು ಮಾತ್ರ ಒಂದು ಸಲವೂ ಜಗ್ಗಿ ನೋಡಲಿಲ್ಲ. ಪಾಪ, ಹುಡುಗರು, ಬೈಸಿಕೊಳ್ಳುವುದು ಬೇಡ ಎಂಬ ಕನಿಕರವೇ ಕಾರಣ. ನೂರಾ ನಲವತ್ತು ದಿನ ಐದೂ ಹೆಸರಿನಲ್ಲಿ ಅವಳೊಬ್ಬಳೇ ಕೂತಳು.

*

ಕಸ್ತೂರಿಯ ಓಣಿಗೆ ನೀರು ಬರುವುದು ಎಂಟೊಂಬತ್ತು ದಿನಕ್ಕೊಮ್ಮೆ. ಅದಕ್ಕೇ ಅಂಗಳದಲ್ಲಿ ನೆಲದೊಳಗೆ ತೊಟ್ಟಿ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಅದು ಎಡಗಡೆ, ಕೆಳಗೆ, ಮೂರು ಹೆಜ್ಜೆ ಆಚೆ.

ಹನ್ನೆರಡು ವರ್ಷದ ಹಿಂದೆ, ನೀರು ಬಂದ ದಿನ, ಎರಡು ವರ್ಷದ ಮಗಳು ಪಮ್ಮಿ ಅದರೊಳಗೆ ಬಿದ್ದಿದ್ದಳು. ಪಕ್ಕದ ಮನೆಯ ಹಸೀನಾ ಕೂಸಿನ ಅಂಗಿ ಹಿಡಿದು ಮೇಲೆತ್ತಿದಳು. ಕೂಸು ಬದುಕಿತು, ಎರಡು ದಿನ ಕೆಮ್ಮಿತು, ಮರೆಯಿತು. ಬೆಳಿಗ್ಗೆ ತೊಟ್ಟಿಗೆ ಪೈಪು ಬಿಟ್ಟು ಡ್ಯೂಟಿಗೆ ಹೋದವನು ಫಕ್ಕೀರಪ್ಪ. ಗಡಿಬಿಡಿಯಲ್ಲಿ ಅವನೇ ಮುಚ್ಚಳ ತೆರೆದಿಟ್ಟು ಹೋದ ಎಂದು ಓಣಿ ತೀರ್ಮಾನಿಸಿತು. ಅವನೂ ಒಪ್ಪಿಕೊಂಡ. ಆ ಹಳೆಯ ತಗಡಿನ ಮುಚ್ಚಳವನ್ನು ಗುಜರಿಗೆ ಹಾಕಿ ಸಿಮೆಂಟಿನದು ಕೂರಿಸಿದರು. ಅಂದಿನಿಂದ ಅವನು ತೊಟ್ಟಿಯನ್ನು ಮುಟ್ಟಿಲ್ಲ, ಆ ಕಡೆ ನೋಡುವುದೂ ಇಲ್ಲ. ನೀರು ಬಂದರೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಾನೆ.

ಅವನು ಮುಚ್ಚಳ ಹಾಕಿಯೇ ಹೋಗಿದ್ದ. ಪೈಪು ಹೋಗುವಷ್ಟು ಸಂದಿ ಮಾತ್ರ ಬಿಟ್ಟಿದ್ದ. ಆಮೇಲೆ ಒಂದು ಕೊಡ ನೀರಿಗೆಂದು ಅರ್ಧ ಸರಿಸಿದವಳು ಕಸ್ತೂರಿ. ಬೀದಿಯಲ್ಲಿ ಯಾರೋ ಕರೆದರು, ಹೋದಳು. ಇದು ಅವಳಿಗೊಬ್ಬಳಿಗೇ ಗೊತ್ತು. ಮೊದಲ ವಾರ ಹೇಳಬೇಕೆಂದು ಬಾಯಿ ತೆರೆದಳು, ಮೊದಲ ತಿಂಗಳು ಹೇಳಬೇಕೆಂದುಕೊಂಡಳು. ಆಮೇಲೆ ಅದು ಹೇಳುವ ಮಾತಾಗಿ ಉಳಿಯಲಿಲ್ಲ, ಕಣ್ಣಿನ ಚಟವಾಯಿತು. ಎಲ್ಲಿ ನಿಂತರೂ ಗಳಿಗೆಗೊಮ್ಮೆ ಅವಳ ಕಣ್ಣು ಎಡಕ್ಕೆ, ಕೆಳಗೆ ಹೋಗಿ ಬರುತ್ತದೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸರದಿಯಲ್ಲಿ.

ಒಂದು ಬುಧವಾರ ಸಂಜೆ ಚಹಾ ಕುಡಿಯುವಾಗ ಪಮ್ಮಿ ಎಂದಿನಂತೆ ಲೆಕ್ಕ ಹಿಡಿದಿದ್ದಳು. ಹದಿನಾಲ್ಕು ವರ್ಷದ ಹುಡುಗಿ, ತಾಯಿಯನ್ನು ಕಾಡುವುದೆಂದರೆ ಅವಳಿಗೆ ಬಿಸ್ಕೀಟಿಗಿಂತ ರುಚಿ.

"ಅವ್ವಾ, ನೀ ಅಲ್ಲೆ ನೋಡಿದ್ದು ಐದನೇ ಸಲ. ನಾ ಇಲ್ಲೇ ಕೂತೇನಿ, ಬಿದ್ದಿಲ್ಲ."

"ಸುಮ್ನ ಚಾ ಕುಡಿ."

"ಬರೇ ನಿಂದಷ್ಟ ಅಲ್ಲ ಬಿಡು. ಅಪ್ಪಾನೂ ಕಲತಾನ ಈಗ. ಅವಂದು ಏಳ ಸಲ ಆತು. ನಿನ್ನ ದಾಟಿ ಹೋಗ್ಯಾನ."

ಕಸ್ತೂರಿ ಕಪ್ಪು ಕೆಳಗಿಟ್ಟು ಗಂಡನ ಮುಖ ನೋಡಿದಳು. ಅವನು ಗೋಡೆಗೊರಗಿ ಕೂತಿದ್ದ. ಹನ್ನೆರಡು ವರ್ಷ ಆ ಕಡೆ ತಿರುಗದ ಕಣ್ಣು ಮೆಲ್ಲಗೆ ಎಡಕ್ಕೆ ಜಾರಿತು, ಕೆಳಗಿಳಿಯಿತು, ತೊಟ್ಟಿಯ ಮೇಲೆ ಕ್ಷಣ ನಿಂತು ವಾಪಸು ಬಂತು. ಹೋದದ್ದು ಅವನಿಗೆ ತಿಳಿದಂತೆಯೇ ಇರಲಿಲ್ಲ. ರೆಪ್ಪೆ ಬಡಿದ ರೀತಿ, ಹುಬ್ಬು ಕೂಡಿದ ರೀತಿ, ತಿರುಗಿ ಬರುವಾಗ ಗಂಟಲಲ್ಲಿ ಒಂದು ಸಣ್ಣ ಗುಟುಕು. ಕನ್ನಡಿಯಲ್ಲಿ ತನ್ನನ್ನೇ ನೋಡಿದಂತಾಯಿತು ಅವಳಿಗೆ. ಅದು ಎಲ್ಲಿಂದ ಬಂತೆಂದು ಅವಳಿಗೆ ತಕ್ಷಣ ತಿಳಿಯಿತು.

ಏಕೆಂದರೆ ಅಂದು ಮಧ್ಯಾಹ್ನವೇ ಬಸಲಿಂಗಪ್ಪ ಪೆಟ್ಟಾದ ತೋಳನ್ನು ಕೊರಳಪಟ್ಟಿಯಲ್ಲಿ ತೂಗುಹಾಕಿಕೊಂಡು ಪ್ರಯೋಗಾಲಯಕ್ಕೆ ಬಂದಿದ್ದ.

*

"ಹತ್ತೂ ಮುಂದ ಏನೂ ಇರಲಿಲ್ಲರಿ," ಎಂದಿದ್ದ ಅವನು. ಮದುಮಗನ ಠೀವಿ ಉಳಿದಿರಲಿಲ್ಲ. "ಮ್ಯಾಲ ಹೋಗಿ ಬೆಲ್ಟ್ ಹಾಕ್ಕೊಂಡೆ. ಅರ್ಧ ಕೆಲಸಾನೂ ಆಗಿತ್ತು. ಕಣ್ಣು ಕೆಳಗ ಹೋತು. ಎಡಕ್ಕ. ಅಲ್ಲಿ ಯಾರೂ ಇಲ್ಲ ಅಂತ ನನಗ ಗೊತ್ತೈತ್ರಿ. ಆದ್ರ ಯಾರೋ ಸಣ್ಣಾವ್ರು ಅದಾರ, ಈಗ ಬೀಳ್ತಾರ, ಹಿಡೀಬೇಕು ಅನ್ನಿಸ್ತು. ಹಿಡ್ಯಾಕ ಹೋದ್ನಿ ನೋಡ್ರಿ."

ಬೆಲ್ಟ್ ಹಿಡಿದಿತ್ತು. ಭುಜದ ಕೀಲು ತಪ್ಪಿತ್ತು.

"ಯಾರು ಸಣ್ಣವ್ರು?" ಇಂದುಮತಿ ಮೇಡಮ್ ಕೇಳಿದರು.

"ಅದನ್ನ ನೀವ ಹೇಳ್ಬೇಕ್ರಿ ಮೇಡಮ್ಮಾರ. ಬಾಸಿಂಗ ಕಟ್ಟಿದವ್ರು ನೀವು."

ಅವನು ಹೋದ ಮೇಲೆ ಮೇಡಮ್ ಮೂವತ್ತೆಂಟು ಲೈನ್‌ಮನ್‌ಗಳ ನೋಟದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಗೋಡೆಯ ಪರದೆಯ ಮೇಲೆ ತೋರಿಸಿದರು. ಕಂಬದ ತುದಿಯಲ್ಲಿ, ಸ್ವಿಚ್ಚಿನ ಹತ್ತಿರ, ತಂತಿಯ ಉದ್ದಕ್ಕೂ ಕೆಂಪು ಚುಕ್ಕೆಗಳಿದ್ದವು, ಇರಬೇಕಾದ ಕಡೆಯಲ್ಲೇ. ಅವೆಲ್ಲಕ್ಕಿಂತ ದಟ್ಟವಾದ ಒಂದು ಕೆಂಪು ಕಲೆ ಬುಡದಲ್ಲಿತ್ತು. ಎಡಕ್ಕೆ, ಮೂರು ಹೆಜ್ಜೆ ದೂರದಲ್ಲಿ.

"ಅಲ್ಲೇನೂ ಇಟ್ಟಿಲ್ರಿ ನಾವು. ಬರೇ ಮಣ್ಣು," ಎಂದ ತೌಸೀಫ್.

"ಅದಽ ಮಜಾ," ಮೇಡಮ್ ದನಿಯಲ್ಲಿ ಅಂಜಿಕೆಯೂ ಇತ್ತು, ಹುರುಪೂ ಇತ್ತು. "ನಮ್ಮ ಐದೂ ಮಂದಿ ಬೆಳಿಗ್ಗಿನವ್ರು ಅಲ್ಲೇ ನೋಡ್ಯಾರ. ಐದಕ್ಕ ಐದು. ಅಂದ್ರ ಇದು ಒಬ್ಬರ ಚಟ ಅಲ್ಲ. ಮನುಷ್ಯಾಂದ ಸ್ವಭಾವ ಇರಬೇಕು. ಯಾರಿಗೂ ಗೊತ್ತಿಲ್ಲದ್ದು."

ತೌಸೀಫ್ ಕಸ್ತೂರಿಯತ್ತ ನೋಡಿ ತಕ್ಷಣ ನೆಲ ನೋಡಿದ. ಅವಳು ಬಾಯಿ ತೆರೆದಳು.  ತಂಡದವರಿಗೆ ಚಹಾ ತರಬೇಕೆಂದು ನೆಪ ಹೇಳಿ ಹೊರಗೆ ಬಂದಳು.

ಮೂವತ್ತೆಂಟು ಗಂಡಸರ ಕಣ್ಣಿನೊಳಗೆ ತನ್ನ ಭಯ ಹೋಗಿ ಕೂತಿದೆ. ಅವರಿಗೆ ತೊಟ್ಟಿ ಗೊತ್ತಿಲ್ಲ, ಪಮ್ಮಿ ಗೊತ್ತಿಲ್ಲ. ಕಾರಣ ಗೊತ್ತಿಲ್ಲದ ಭಯ ಕಾರಣ ಗೊತ್ತಿದ್ದ ಭಯಕ್ಕಿಂತ ಕೆಟ್ಟದ್ದು ಎಂದು ಅವಳಿಗೆ ಅನ್ನಿಸಿತು. ಅದನ್ನು ಹೊತ್ತು ಅವರೆಲ್ಲ ಎಲ್ಲೆಲ್ಲಿ ಕಂಬ ಹತ್ತುತ್ತಿದ್ದಾರೋ.

ಆ ಸಂಜೆ ಚಹಾದ ಕಪ್ಪು ತೊಳೆಯುತ್ತ ಅವಳು ಗಂಡನನ್ನು ಕೇಳಿದಳು, "ನಾಳಿ ಎಲ್ಲೈತ್ರಿ ಕೆಲಸಾ?"

"ಇಟ್ಟಂಗಿ ಭಟ್ಟಿ ಹತ್ರ, ಜೋಡಿ ಕಂಬದ ಮ್ಯಾಲ. ಹತ್ತಕ್ಕ ಲೈನ್ ಕ್ಲಿಯರ್ ಕೊಡ್ತಾರ. ಎಡಗಡೀದು ಬಂದ್ ಇರತೈತಿ, ಬಲಗಡೀದು ಬ್ಯಾರೆ ಲೈನು, ಚಾಲೂನ ಇರತೈತಿ."

"ನಾಳಿ ಹತ್ತಬ್ಯಾಡ್ರಿ."

"ಯಾಕ?"

ಅವಳು ನಲ್ಲಿಯ ಕಡೆ ಮುಖ ಮಾಡಿ ನಿಂತಳು. ಈಗ ಹೇಳಬೇಕು. ನೋಟ ನನ್ನದು ಎಂದರೆ ಯಾಕೆ ನಿನ್ನದು ಎಂದು ಕೇಳುತ್ತಾನೆ. ಯಾಕೆ ಎಂದರೆ ಮುಚ್ಚಳ. ಮುಚ್ಚಳ ಎಂದರೆ...

"ಬಸಲಿಂಗಪ್ಪ ಬಿದ್ದಾನಲ್ರಿ," ಎಂದಳು.

"ಅಂವಾ ಮದಲಿಂದಾನೂ ಧಿಮಾಕಿನವ," ಎಂದು ಫಕ್ಕೀರಪ್ಪ ನಕ್ಕ. ನಗುವಿನ ನಡುವೆ ಅವನ ಕಣ್ಣು ಎಡಕ್ಕೆ, ಕೆಳಗೆ ಹೋಗಿ ಬಂತು.

*

ಗುರುವಾರ ಎಂಟು ಗಂಟೆಗೆ ಪ್ರಯೋಗಾಲಯದಲ್ಲಿ ಅವಳೊಬ್ಬಳೇ. ಅಂದಿನ ಪಾಳಿ ನಿಜವಾಗಿಯೂ ಅವಳದೇ ಆಗಿತ್ತು. ತನ್ನ ಹೆಸರನ್ನೇ ಒತ್ತಿ ಬಾಸಿಂಗ ಕಟ್ಟಿಕೊಂಡಳು.

ಇಷ್ಟು ದಿನ ಅವಳ ಕಣ್ಣು ಅಲ್ಲಿ ಹೋಗುತ್ತಿತ್ತೇ ಹೊರತು ಅವಳು ಅಲ್ಲಿ ನೋಡಿರಲಿಲ್ಲ. ಮಿಂಚಿನಂತೆ ಹೋಗಿ ಬರುವ ನೋಟಕ್ಕೆ ಏನು ಕಂಡಿತೆಂದು ಮನಸ್ಸಿಗೆ ಗೊತ್ತಾಗುವುದಿಲ್ಲ. ಇಂದು ಬೇಕೆಂದೇ ತಲೆ ತಿರುಗಿಸಿ ನೋಡಿದಳು.

ಮಣ್ಣಿನಲ್ಲಿ ಒಂದು ಚೌಕಾಕಾರದ ತಗಡು. ಅರ್ಧ ಸರಿದಿತ್ತು. ಹಿಡಿಕೆ ಮುರಿದ ಜಾಗದಲ್ಲಿ ಸೈಕಲ್ ಟ್ಯೂಬಿನ ಕರಿ ತುಂಡು ಗಂಟು ಹಾಕಿತ್ತು.

 ಆ ಮುಚ್ಚಳ ಗುಜರಿಗೆ ಹೋಗಿ ಹನ್ನೆರಡು ವರ್ಷ. ಅದರ ಒಂದು ಫೋಟೋ ಇಲ್ಲ. ಟ್ಯೂಬಿನ ವಿಷಯ ಅವಳು ಯಾರೊಂದಿಗೂ ಆಡಿಲ್ಲ.

ಯಂತ್ರ ಅದನ್ನು ಹೇಗೆ ಬರೆಯಿತೆಂದು ತೌಸೀಫ್ ಆಮೇಲೆ ವಿವರಿಸಿದ. ಜೊತೆಗಾರ ಇಡೀ ಬೀದಿಯನ್ನು ಒಂದೇ ಸಮ ಬಿಡಿಸುವುದಿಲ್ಲ, ಕಣ್ಣು ಹೋಗುವಲ್ಲಿ ಹೆಚ್ಚು ವಿವರ ತುಂಬುತ್ತದೆ. ಜನ ಒಂದು ಜಾಗವನ್ನು ಮತ್ತೆ ಮತ್ತೆ ನೋಡಿ ಏನೂ ಸಿಗದೆ ವಾಪಸಾದರೆ, ಅಲ್ಲಿ ಏನೋ ಇರಬೇಕಿತ್ತು, ತಾನು ಬಿಡಿಸಿಲ್ಲ ಎಂದುಕೊಳ್ಳುತ್ತದೆ. ಒಂದು ದಿನ ಕಲ್ಲು ಇಟ್ಟು ನೋಡುತ್ತದೆ, ಇನ್ನೊಂದು ದಿನ ನೀರಿನ ಹೊಂಡ, ಮತ್ತೊಂದು ದಿನ ಒಂದು ಡಬ್ಬಿ, ಹಲಗೆ, ತಗಡು. ಯಾವುದಕ್ಕೆ ಕಣ್ಣಿನ ಪಾಪೆ ಕೂದಲೆಳೆಯಷ್ಟು ಹೆಚ್ಚು ಅರಳಿತೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಮರುದಿನ ಅದನ್ನೇ ತುಸು ತಿದ್ದುತ್ತದೆ. ಚೌಕವೋ ದುಂಡೋ? ಮುಚ್ಚಿದ್ದೋ ತೆರೆದದ್ದೋ? ಕೇಳುವುದು ಯಂತ್ರ, ಉತ್ತರಿಸುವುದು ಪಾಪೆ. ನಡುವೆ ಮನುಷ್ಯನಿಗೆ ಸುದ್ದಿಯೇ ಇಲ್ಲ. ನೂರಾ ನಲವತ್ತು ಬೆಳಿಗ್ಗೆ ಅದು ಹಾಗೆ ಅವಳನ್ನು ವಿಚಾರಿಸಿತ್ತು, ಅವಳು ಒಂದೂ ಸುಳ್ಳು ಹೇಳಿರಲಿಲ್ಲ.

ಆಗ ಇದಾವುದೂ ಅವಳಿಗೆ ಗೊತ್ತಿರಲಿಲ್ಲ. ಕಂಡದ್ದು ಮುಚ್ಚಳ, ಅದರ ಪಕ್ಕದ ಕತ್ತಲೆಯ ಸಂದಿ. ಆ ಸಂದಿಯಲ್ಲಿ ಏನೋ ಮಸಕು ಮಸಕಾಗಿ, ಇನ್ನೂ ತೀರ್ಮಾನವಾಗದ್ದು, ಅಲುಗಾಡುತ್ತಿತ್ತು. ಅವಳು ನೋಡುತ್ತಿದ್ದಂತೆ ಅದು ಒಂಚೂರು ಸ್ಪಷ್ಟವಾಯಿತು.

ಕಸ್ತೂರಿ ಬಾಸಿಂಗ ಕಿತ್ತು ಮೇಜಿನ ಮೇಲೆ ಹಾಕಿದಳು. ಗಡಿಯಾರ ಎಂಟೂವರೆ ತೋರಿಸುತ್ತಿತ್ತು.

ಮೇಡಮ್ ಬಂದದ್ದು ಒಂಬತ್ತಕ್ಕೆ. ಹಿಂದೆಯೇ ತೌಸೀಫ್. ಅವಳು ನಿಂತೇ ಹೇಳಿದಳು, ಒಂದೇ ಉಸಿರಿಗೆ, ಎಲ್ಲಿಯೂ ತನ್ನನ್ನು ಉಳಿಸಿಕೊಳ್ಳಲು ನೋಡದೆ.

"ಐದು ಮಂದಿ ಅಲ್ರಿ ಮೇಡಮ್. ಒಬ್ಬಾಕಿನ. ಎಲ್ಲಾರ ಹೆಸರು ಒತ್ತಿ ನಾನ ಕೂತೇನಿ. ಅಲ್ಲಿ ಕಾಣೋದು ನಮ್ಮ ಮನಿ ತೊಟ್ಟಿ ಮುಚ್ಚಳ. ಕೆಲಸಕ್ಕ ಸೇರೋ ಮುಂದ ಕಾಗದದಾಗ, ಮನ್ಯಾಗ ಅಪಘಾತ ಆಗಿತ್ತೇನು ಅಂತ ಕೇಳಿದ್ರಿ. ಇಲ್ಲ ಅಂತ ಬರದಿದ್ದೆ."

ಮೇಡಮ್ ಕುರ್ಚಿಗೆ ಕೈಯೂರಿ ಕೂತರು. ಪರದೆಯ ಮೇಲಿನ ಕೆಂಪು ಕಲೆಯನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೂವತ್ತೆಂಟು ಮಂದಿ, ಕಸ್ತೂರಿ," ಎಂದಷ್ಟೇ ಅಂದರು. ಆಮೇಲೆ ಫೋನ್ ತೆಗೆದುಕೊಂಡರು. ಕಂಪನಿಯ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದ: ಪತ್ರ ಕಳಿಸಿ, ಮೇಲಿನವರಿಗೆ ಕಳಿಸುತ್ತೇವೆ, ಬಾಯಿಮಾತಿನ ಮೇಲೆ ಮೂವತ್ತೆಂಟು ಜನರನ್ನು ಕೆಳಗಿಳಿಸಿದರೆ ಊರಿಗೆ ಬೆಳಕು ಕೊಡುವವರು ಯಾರು? ಮೇಡಮ್ ಪತ್ರ ಬರೆಯಲು ಕೂತರು.

ಫಕ್ಕೀರಪ್ಪನ ಫೋನು ಬಂದ್ ಇತ್ತು. ಕಂಬದ ಕೆಲಸವಿದ್ದ ದಿನ ಅವನು ಫೋನನ್ನು ಗಾಡಿಯಲ್ಲೇ ಬಿಟ್ಟು ಹೋಗುತ್ತಾನೆ.

"ಬರ್ರಿ ಅಕ್ಕಾರ," ಎಂದ ತೌಸೀಫ್, ಬೈಕಿನ ಕೀಲಿ ಹಿಡಿದು. "ಮೊದಲನೇ ಫೋನು ನಾನ ಮಾಡಿದ್ದು."

*

ಇಟ್ಟಿಗೆ ಭಟ್ಟಿಯ ಹತ್ತಿರ ಹೋಗುವ ಹೊತ್ತಿಗೆ ಹತ್ತೂಕಾಲು. ಫಕ್ಕೀರಪ್ಪ ಆಗಲೇ ಮೇಲಿದ್ದ. ಕೆಳಗೆ ಬಲಗಡೆ ಒಬ್ಬ ಸಹಾಯಕ ಹಗ್ಗ ಹಿಡಿದು ನಿಂತಿದ್ದ. ಎಡಗಡೆ ಬರೀ ಜಾಲಿಯ ಪೊದೆ, ಒಡೆದ ಇಟ್ಟಿಗೆ.

ತೌಸೀಫ್ ಕೂಗಲು ಬಾಯಿ ತೆರೆದ. ಕಸ್ತೂರಿ ಅವನ ತೋಳು ಹಿಡಿದಳು. ಕೂಗಿದರೆ ಬೆಚ್ಚುತ್ತಾನೆ. ಬಲಗೈಗೆ ಮೂರು ಅಡಿ ದೂರದಲ್ಲಿ ಹರಿಯುತ್ತಿರುವ ಕರೆಂಟು.

ಅವಳು ನೋಡುತ್ತಿದ್ದಂತೆ ಅವನ ತಲೆ ಎಡಕ್ಕೆ ತಿರುಗಿತು, ಕೆಳಗೆ ಬಾಗಿತು. ಹುಡುಕುವವನ ಹಾಗೆ. ಎಡಗೈ ಅಡ್ಡಪಟ್ಟಿ ಬಿಟ್ಟು ಏನನ್ನೋ ಹಿಡಿಯುವಂತೆ ಚಾಚಿತು. ಸಮತೋಲಕ್ಕೆಂದು ಬಲಗೈ ತಾನಾಗಿ ಆ ಬದಿಗೆ, ಮೇಲಕ್ಕೆ ಎದ್ದಿತು. ಕೆಳಗೆ ಏನೂ ಸಿಗಲಿಲ್ಲ. ತಲೆ ಕೊಡವಿ ಕೆಲಸಕ್ಕೆ ತಿರುಗಿದ. ಎರಡು ನಿಮಿಷ ಆಗಿರಲಿಲ್ಲ, ಮತ್ತೆ ಕೊರಳು ತಿರುಗತೊಡಗಿತು. ಈ ಸಲ ಬಲಗೈ ಇನ್ನೂ ಆಚೆ ಹೋಯಿತು.

ಅಲ್ಲಿ ಏನಾದರೂ ಇರಬೇಕು. ಯಂತ್ರ ಅಂದುಕೊಂಡದ್ದನ್ನೇ ಅವಳೂ ಅಂದುಕೊಂಡಳು. ಕಣ್ಣು ಹೋದಲ್ಲಿ ಏನಾದರೂ ಸಿಕ್ಕರೆ ಅದು ಹುಡುಕುವುದನ್ನು ನಿಲ್ಲಿಸೀತು.

ಸೀರೆಯ ನೆರಿಗೆ ಎತ್ತಿಕೊಂಡು, ಜಾಲಿಯ ಮುಳ್ಳಿನ ನಡುವೆ, ಕಂಬದ ಬುಡದಿಂದ ಎಡಕ್ಕೆ ಮೂರು ಹೆಜ್ಜೆ ಎಣಿಸಿ ಅಲ್ಲಿ ಹೋಗಿ ನಿಂತಳು. ಕೈ ಬೀಸಲಿಲ್ಲ, ಕರೆಯಲಿಲ್ಲ. ಮುಖ ಮೇಲೆತ್ತಿ ನಿಂತಳು, ಅಷ್ಟೆ.

ಅವನ ಕಣ್ಣು ಬಂತು. ಅವಳ ಮೇಲೆ ಬಿತ್ತು, ನಿಂತಿತು. ಅಷ್ಟು ಎತ್ತರದಿಂದಲೂ ಅವನ ಮುಖದಲ್ಲಿ ಅಚ್ಚರಿ ಕಂಡಿತು. ಚಾಚಿದ ಎಡಗೈ ಮೆಲ್ಲಗೆ ಅಡ್ಡಪಟ್ಟಿಗೆ ಮರಳಿತು, ಬಲಗೈ ಇಳಿಯಿತು. ಅವನು ಕೆಲಸಕ್ಕೆ ತಿರುಗಿದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ. ಅವಳಿದ್ದಳು. ಮತ್ತೆ ನೋಡಿದ. ಇದ್ದಳು. ಮುಳ್ಳು ಪಾದಕ್ಕೆ ಚುಚ್ಚಿ ರಕ್ತ ಬಂದರೂ ಅವಳು ಅಲುಗಲಿಲ್ಲ. ಮುಕ್ಕಾಲು ಗಂಟೆ ಬಿಸಿಲಲ್ಲಿ ಹಾಗೇ ನಿಂತಳು. ಅಷ್ಟು ಹೊತ್ತು ತನ್ನ ಎಡಕ್ಕೆ ತಾನು ಒಮ್ಮೆಯೂ ನೋಡಲಿಲ್ಲ ಎಂಬುದು ಅವಳಿಗೆ ಆಮೇಲೆ ನೆನಪಾಯಿತು.

ಕೆಳಗಿಳಿದ ಫಕ್ಕೀರಪ್ಪ ಬೆಲ್ಟ್ ಬಿಚ್ಚುತ್ತ ಕೇಳಿದ, "ಯಾಕ ಬಂದಿ? ಪಮ್ಮಿಗೇನರ ಆತೇನು?"

"ಆಕಿಗೇನಾಗಿಲ್ಲ." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಬಾಸಿಂಗದಾಗ ಕಂಬದ ಬುಡಕ ಏನರ ಕಂಡಿತ್ತೇನ್ರಿ ನಿಮಗ?"

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ತಿರುಗಿಸಿದ.

"ಎಂಟನೇ ದಿನಾ ಕಂಡ್ತು," ಎಂದ. "ಮುಚ್ಚಳ. ಟ್ಯೂಬಿನ ಗಂಟೂ ಇತ್ತು. ಆ ಗಂಟು ಕಟ್ಟಿದಾಂವ ನಾನ. ನನ್ನ ತಪ್ಪು ಮಷೀನಿಗೆ ಗೊತ್ತಾಗೇತಿ ಅಂದ್ಕೊಂಡೆ. ಇನ್ನ ಎಲ್ಲಾರಿಗೂ ತೋರಸ್ತೈತಿ ಅಂತ ಅಂಜಿ ಬಾಯಿ ಮುಚ್ಕೊಂಡೆ."

"ನಿಮ್ಮ ತಪ್ಪಲ್ಲರಿ ಅದು. ನೀವು ಮುಚ್ಚಿ ಹೋಗಿದ್ರಿ. ತಗದಾಕಿ ನಾನು. ಒಂದು ಕೊಡಾ ನೀರಿಗೆ."

ಹಗ್ಗ ಸುತ್ತುತ್ತಿದ್ದ ಸಹಾಯಕ ಏನೋ ನೆನಪಾದವನಂತೆ ಗಾಡಿಯ ಕಡೆ ಹೋದ. ತೌಸೀಫ್ ಮೊದಲೇ ದೂರ ಹೋಗಿ ನಿಂತಿದ್ದ. ಫಕ್ಕೀರಪ್ಪ ಅವಳನ್ನು ನೋಡಿದ. ಆಮೇಲೆ ಅವಳ ಪಾದ ನೋಡಿದ. ಮುಳ್ಳು ಮುರಿದು ಒಳಗೇ ಉಳಿದಿತ್ತು. ಬಾಟಲಿಯ ನೀರು ಅವಳ ಕೈಗೆ ಕೊಟ್ಟು ಗಾಡಿ ಹತ್ತಿದ.

ಒಂಬತ್ತು ದಿನ ಅವನು ಅವಳೊಂದಿಗೆ ಮಾತಾಡಲಿಲ್ಲ. ಬೇಕಾದ್ದನ್ನು ಪಮ್ಮಿಯ ಮೂಲಕ ಕೇಳುತ್ತಿದ್ದ. "ನಾ ಏನು ಪೋಸ್ಟಾಫೀಸೇನು?" ಎಂದು ಅವಳು ಗೊಣಗುತ್ತಿದ್ದಳು. ಕಾರಣ ಅವಳಿಗೆ ಇಬ್ಬರೂ ಹೇಳಲಿಲ್ಲ. ಕಸ್ತೂರಿಯ ಕೆಲಸವೂ ಹೋಗಿತ್ತು. ಹಗಲೆಲ್ಲ ಮನೆಯಲ್ಲಿ ಕೂತು ಅವನ ಮೌನ ಕೇಳುತ್ತಿದ್ದಳು. ಹನ್ನೆರಡು ವರ್ಷಕ್ಕೆ ಒಂಬತ್ತು ದಿನ ಹೆಚ್ಚಲ್ಲ ಎಂದುಕೊಳ್ಳುತ್ತಿದ್ದಳು.

ಹತ್ತನೆಯ ಬೆಳಿಗ್ಗೆ ನೀರು ಬಂತು. ಚಪ್ಪಲಿ ಮೆಟ್ಟಿಕೊಳ್ಳುವ ಸದ್ದಿಗೆ ಅವಳು ಒಳಗೆ ಕಾದಳು. ಸದ್ದು ಬರಲಿಲ್ಲ. ಸಿಮೆಂಟಿನ ಮುಚ್ಚಳ ಸರಿದ ಸದ್ದು ಬಂತು, ಪೈಪು ಎಳೆದ ಸದ್ದು, ನೀರು ಬೀಳುವ ಸದ್ದು. ಎಷ್ಟೋ ಹೊತ್ತಿನ ಮೇಲೆ ಮುಚ್ಚಳ ಮತ್ತೆ ಕೂತ ಸದ್ದು.

"ಕಸ್ತೂರಿ," ಎಂದು ಕರೆದ ಅವನು. "ಬಂದು ನೋಡಿಲ್ಲೆ. ಮುಚ್ಚೇನಿ."

ಅವಳು ಬಂದು ನೋಡಿದಳು. ಅವನೂ ನೋಡುತ್ತಿದ್ದ. ಇಬ್ಬರೂ ಅಲ್ಲಿ ನಿಂತು ಅದನ್ನೇ ನೋಡಿದರು.

ಪತ್ರ ಮೇಲಿನವರಿಗೆ ಹೋಯಿತು. ಆ ಮೂವತ್ತೆಂಟು ಜನ ಕಂಬ ಹತ್ತಿದಾಗ ಬುಡದಲ್ಲಿ ಎಡಕ್ಕೆ ಮೂರು ಹೆಜ್ಜೆ ದೂರದಲ್ಲಿ ಒಬ್ಬರು ನಿಂತಿರಬೇಕು ಎಂಬ ಆದೇಶ ಬಂತು. ಈಗ ಬೇರೆ ಲೈನ್‌ಮನ್‌ಗಳೂ ಯಾಕೆಂದು ತಿಳಿಯದೆ ಅಲ್ಲೊಬ್ಬರನ್ನು ನಿಲ್ಲಿಸಿಕೊಳ್ಳುತ್ತಾರಂತೆ. ಯಾರೂ ಬಿದ್ದಿಲ್ಲ, ಈವರೆಗೆ.

ಗೊತ್ತಿಲ್ಲದ್ದು ಇಷ್ಟು. ಕಲಿತ ನೋಟವನ್ನು ಕಣ್ಣು ಎಷ್ಟು ವರ್ಷಕ್ಕೆ ಮರೆಯುತ್ತದೆ ಎಂದು ಇಂದುಮತಿ ಮೇಡಮ್‌ಗೆ ಗೊತ್ತಿಲ್ಲ, ಮರೆಯುತ್ತದೆಯೇ ಎಂಬುದೂ ಗೊತ್ತಿಲ್ಲ. ಹಸುಗೂಸು ಇರುವ ಲೈನ್‌ಮನ್‌ಗಳ ಮನೆಯಲ್ಲಿ ಅಪ್ಪನ ಕಣ್ಣು ಹೋದಲ್ಲಿ ಕೂಸಿನ ಕಣ್ಣೂ ಹೋಗುತ್ತದೆಯೇ, ಯಾರೂ ನೋಡಿಲ್ಲ. ಯಂತ್ರವನ್ನು ಮೊಹರು ಮಾಡಿ ಬೀಗ ಹಾಕಿಟ್ಟಿದ್ದಾರೆ. ಆ ಕೊನೆಯ ಬೆಳಿಗ್ಗೆ ಮುಚ್ಚಳದ ಸಂದಿಯ ಕತ್ತಲೆಯಲ್ಲಿ ಅದು ಏನನ್ನು ಬಿಡಿಸಲು ಹೊರಟಿತ್ತು ಎಂಬುದು ಕಸ್ತೂರಿಗೂ ಗೊತ್ತಿಲ್ಲ. ಇನ್ನೊಂದು ದಿನ ಕೂತಿದ್ದರೆ ಗೊತ್ತಾಗುತ್ತಿತ್ತು.